ಮಗುವಿಗೆ ಭೇದಿ: ಓಆರ್‌ಎಸ್ ಕುಡಿಸುವುದು ಹೇಗೆ?

ಪ್ರಶ್ನೆ: ಒಂದೂವರೆ ವರ್ಷದ ಮಗನಿಗೆ ನಿನ್ನೆಯಿಂದ ನೀರುನೀರಾಗಿ ಭೇದಿ. ಓಆರ್‌ಎಸ್ ಪುಡಿಯನ್ನು ಸ್ವಲ್ಪಸ್ವಲ್ಪವೇ ಲೋಟದಲ್ಲಿ ಕಲಸಿ ಕೊಟ್ಟರೆ ವಾಂತಿ ಮಾಡುತ್ತಾನೆ. ಹಾಲು, ಅನ್ನ ನಿಲ್ಲಿಸಿ ಎನ್ನುತ್ತಾರೆ ಅತ್ತೆ. ಏನು ಮಾಡಲಿ?

ಉತ್ತರ: ಪುಡಿಯನ್ನು ಬಿಡಿಬಿಡಿಯಾಗಿ ಕಲಸಬೇಡಿ. ಉಪ್ಪಿನಂಶ ಹೆಚ್ಚಾದರೆ ಮಗುವಿಗೆ ಅಪಾಯ, ಕಡಿಮೆಯಾದರೆ ಪ್ರಯೋಜನವಿಲ್ಲ. ದೊಡ್ಡ ಪೊಟ್ಟಣವಾದರೆ ಕುದಿಸಿ ಆರಿಸಿದ ಪೂರ್ತಿ ಒಂದು ಲೀಟರ್ ನೀರಿಗೆ ಒಂದೇ ಸಲ ಹಾಕಿ, 200 ಮಿ.ಲೀ.ಗೆ ಎಂದಿರುವ ಚಿಕ್ಕ ಪೊಟ್ಟಣವೂ ಇದೆ, ಓದಿ ನೋಡಿ. 24 ಗಂಟೆಯ ನಂತರ ಉಳಿದದ್ದನ್ನು ಚೆಲ್ಲಿ.

ಪ್ರತಿ ಭೇದಿಯ ನಂತರ 50ರಿಂದ 100 ಮಿ.ಲೀ. ಕೊಡಿ, ಬಾಟಲಿಯಲ್ಲಲ್ಲ, ಚಮಚದಲ್ಲಿ. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು, ಎರಡು ಮೂರು ನಿಮಿಷಕ್ಕೊಂದು ಚಮಚದಂತೆ ಮತ್ತೆ ಶುರುಮಾಡಿ. ಗಟಗಟ ಕುಡಿಸಿದ್ದೇ ಹೆಚ್ಚಾಗಿ ವಾಂತಿಯಾಗಿ ಬರುವುದು. ಸಿಹಿ ಜ್ಯೂಸ್, ಸೋಡಾ ಬೇಡವೇ ಬೇಡ. ಆ ಸಕ್ಕರೆ ಕರುಳಿಗೆ ನೀರೆಳೆದು ಭೇದಿ ಹೆಚ್ಚಿಸುತ್ತದೆ.

ಎದೆಹಾಲು, ಗಂಜಿ, ಮೊಸರನ್ನ ನಿಲ್ಲಿಸಬೇಡಿ. ವೈದ್ಯರನ್ನು ಕೇಳಿ ಜಿಂಕ್ 20 ಮಿ.ಗ್ರಾಂ. ದಿನಕ್ಕೊಮ್ಮೆ, ಭೇದಿ ನಿಂತರೂ 14 ದಿನ ಕೊಡಿ. ಭೇದಿ ಕಟ್ಟುವ ಮಾತ್ರೆ ಪುಟ್ಟ ಮಕ್ಕಳಿಗೆ ಸಲ್ಲದು.

ಹೊಟ್ಟೆಯ ಚರ್ಮವನ್ನು ಚಿವುಟಿ ಬಿಡಿ: ನಿಧಾನವಾಗಿ ಮರಳಿದರೆ, ಕಣ್ಣು ಗುಳಿಬಿದ್ದರೆ, ಮಲದಲ್ಲಿ ರಕ್ತ ಕಂಡರೆ, ಆರು ಗಂಟೆ ಮೂತ್ರ ಹೋಗದಿದ್ದರೆ, ಕುಡಿಯಲಾರದೆ ಮಂಕಾದರೆ ತಕ್ಷಣ ಆಸ್ಪತ್ರೆಗೆ ಹೊರಡಿ. ದಾರಿಯಲ್ಲೂ ಎಚ್ಚರವಿದ್ದು ನುಂಗುತ್ತಿದ್ದರೆ ಚಮಚ ನಿಲ್ಲಿಸಬೇಡಿ.