ಬಿಟ್ಟು ಹೋದರೋ, ಕೈಬಿಟ್ಟರೋ?

ಓದುಗರ ಪತ್ರ: ಕಳೆದ ಸಂಚಿಕೆಯಲ್ಲಿ ಫುಟ್‌ಬಾಲ್ ಆಟಗಾರ ಡೆನಿಸ್ ಲಾ ಅವರನ್ನು ಬಾಯ್ತುಂಬ ಹೊಗಳಿದ್ದೀರಿ. ಇಂಗ್ಲೆಂಡಿನ ಮ್ಯಾಂಚೆಸ್ಟರ್ ಯುನೈಟೆಡ್‌ನ ಅನ್ನ ತಿಂದು, ಅದೇ ಊರಿನ ಸಿಟಿ ತಂಡಕ್ಕೆ ಹೋಗಿ, ಹಳೇ ತಂಡಕ್ಕೇ ಗೋಲು ಹೊಡೆದು ಕೆಳಗಿನ ಡಿವಿಷನ್‌ಗೆ ತಳ್ಳಿದವರು ಅವರು. ಉಂಡ ಮನೆ ಜಂತೆ ಎಣಿಸೋದು ಅಂದ್ರೆ ಇದೇ ಅಲ್ವಾ? ನಮ್ಮ ಬೀದಿ ತಂಡದ ಬೌಲರ್ ಹುಡುಗನೂ ಈ ಸಲ ಎದುರಾಳಿ ತಂಡ ಸೇರಿದ್ದಾನೆ. ಅವನಿಗೆ ಏನು ಹೇಳಲಿ?
– ಓದುಗರೊಬ್ಬರು, ಪಿ.ಜೆ. ಬಡಾವಣೆ, ದಾವಣಗೆರೆ

ಸಂಪಾದಕರ ಉತ್ತರ:

ಹತ್ತಿ ಗಿರಣಿಗಳ ಕಾಲದಲ್ಲಿ ನಮ್ಮೂರನ್ನೂ ಕರ್ನಾಟಕದ ಮ್ಯಾಂಚೆಸ್ಟರ್ ಅಂತಿದ್ದರು. ಹಾಗಾಗಿ ಈ ಜಗಳದಲ್ಲಿ ಬಾಯಿ ಹಾಕುವ ಹಕ್ಕು ನಮಗೂ ಸ್ವಲ್ಪ ಇದೆ ಅಂದುಕೊಳ್ಳೋಣ.

ಮೊದಲು ಆ ಗೋಲಿನ ವಿಷಯ. 1974ರ ಏಪ್ರಿಲ್ 27, ಯುನೈಟೆಡ್‌ನ ತವರು ಓಲ್ಡ್ ಟ್ರಾಫರ್ಡ್ ಮೈದಾನ. ಆಟ ಮುಗಿಯಲು ಹತ್ತು ನಿಮಿಷವೂ ಉಳಿದಿರಲಿಲ್ಲ. ಗೋಲಿಗೆ ಬೆನ್ನು ಹಾಕಿ ನಿಂತಿದ್ದ ಲಾ ಹಿಮ್ಮಡಿಯಿಂದ ಚೆಂಡು ತಳ್ಳಿದರು, ಒಳಗೆ ಹೋಯಿತು. ಅವರು ಕುಣಿಯಲಿಲ್ಲ. ತಲೆ ತಗ್ಗಿಸಿ ನಡೆದರು, ಸ್ವಲ್ಪದರಲ್ಲೇ ಅವರ ಜಾಗಕ್ಕೆ ಬೇರೆಯವರು ಬಂದರು. ಜನ ಮೈದಾನಕ್ಕೆ ನುಗ್ಗಿ ಆಟ ಅರ್ಧಕ್ಕೇ ನಿಂತಿತು. 1–0 ಫಲಿತಾಂಶ ಮಾತ್ರ ಹಾಗೇ ಉಳಿಯಿತು. ಆದರೆ ಯುನೈಟೆಡ್ ಕೆಳಗಿಳಿದದ್ದು ಆ ಗೋಲಿನಿಂದಲ್ಲ. ಅಂಕಪಟ್ಟಿಯಲ್ಲಿ ಯುನೈಟೆಡ್‌ಗಿಂತ ಮೇಲಿದ್ದ ಬರ್ಮಿಂಗ್‌ಹ್ಯಾಮ್ ಸಿಟಿ ಅದೇ ದಿನ ಗೆದ್ದಿತ್ತು. ಯುನೈಟೆಡ್ ಈ ಪಂದ್ಯ ಗೆದ್ದಿದ್ದರೂ ಇಳಿಯಲೇಬೇಕಿತ್ತು.

ಇನ್ನು ಅನ್ನದ ಮಾತು. 1962ರಲ್ಲಿ ಯುನೈಟೆಡ್ ಅವರನ್ನು 1,15,000 ಪೌಂಡ್ ಕೊಟ್ಟು ತಂದಿತು. ಹನ್ನೊಂದು ವರ್ಷದಲ್ಲಿ 404 ಪಂದ್ಯ, 237 ಗೋಲು. 1964ರಲ್ಲಿ ಯುರೋಪಿನ ವರ್ಷದ ಆಟಗಾರನಿಗೆ ಕೊಡುವ ಬ್ಯಾಲನ್ ಡಿ'ಓರ್. 1965 ಮತ್ತು 1967ರಲ್ಲಿ ಲೀಗ್ ಕಿರೀಟ. 1968ರಲ್ಲಿ ಯುನೈಟೆಡ್ ಯುರೋಪಿಯನ್ ಕಪ್ ಗೆದ್ದಾಗ ಲಾ ಮೊಣಕಾಲಿನ ಚಿಕಿತ್ಸೆಗೆ ಆಸ್ಪತ್ರೆಯಲ್ಲಿದ್ದರು. ಅನ್ನದ ಋಣ ಯಾರ ಮೇಲೆ ಜಾಸ್ತಿ ಇತ್ತು ಅಂತ ನೀವೇ ಲೆಕ್ಕ ಹಾಕಿ. 1973ರಲ್ಲಿ, 33ನೇ ವಯಸ್ಸಿಗೆ, ಇದೇ ಯುನೈಟೆಡ್ ಅವರನ್ನು ಒಂದು ಪೈಸೆಯೂ ಕೇಳದೆ ಕೈಬಿಟ್ಟಿತು. ಆ ಸುದ್ದಿ ತಮಗೆ ಗೊತ್ತಾಗಿದ್ದು ಟಿ.ವಿ. ನೋಡಿ ಅಂತ ಅವರೇ ಹೇಳಿಕೊಂಡಿದ್ದಾರೆ. ಮನೆಯವರೇ ಹೊರಗೆ ಕಳಿಸಿದ ಮೇಲೆ ಎದುರು ಮನೆಗೆ ಹೋದರೆ ತಪ್ಪೇನು?

ಅದೂ ಹೊಸ ಮನೆಯೇನಲ್ಲ. 1960–61ರಲ್ಲಿ ಅವರು ಸಿಟಿಯಲ್ಲೇ ಆಡಿದ್ದರು. ಆಗ ಲೂಟನ್ ತಂಡದ ಎದುರು ಎಫ್.ಎ. ಕಪ್ (ಇಂಗ್ಲೆಂಡಿನ ನಾಕೌಟ್ ಟೂರ್ನಿ) ಪಂದ್ಯದಲ್ಲಿ ಆರು ಗೋಲು ಹೊಡೆದರು. ಮೈದಾನ ಕೆಸರಾಗಿ ಆಟ ಅರ್ಧಕ್ಕೇ ನಿಂತು, ಆ ಆರೂ ಲೆಕ್ಕಕ್ಕೆ ಸೇರಲಿಲ್ಲ. ಹಣೆಬರಹ ನೋಡಿ: ಬೇಕಿದ್ದ ಆರು ಗೋಲು ಅಳಿಸಿಹೋದವು, ಬೇಡದ ಒಂದು ಉಳಿಯಿತು.

ಇನ್ನೊಂದು ವಿಷಯ. ಯುನೈಟೆಡ್ ಅನ್ನು ಕಟ್ಟಿ ಬೆಳೆಸಿದ ಮ್ಯಾಟ್ ಬಸ್ಬಿ ಆಟಗಾರರಾಗಿದ್ದಾಗ ಸಿಟಿಯವರು. 1934ರಲ್ಲಿ ಸಿಟಿ ಎಫ್.ಎ. ಕಪ್ ಗೆದ್ದಾಗ ಆ ತಂಡದಲ್ಲಿದ್ದರು. ಆಮೇಲೆ ಯುನೈಟೆಡ್‌ನ ಇನ್ನೊಂದು ಬದ್ಧ ಎದುರಾಳಿ ಲಿವರ್‌ಪೂಲ್‌ಗೂ ಆಡಿದರು! ಅವರನ್ನು ದ್ರೋಹಿ ಅಂದವರನ್ನು ನಾನಂತೂ ನೋಡಿಲ್ಲ.

ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತಿಲ್ಲ. 2000ದಲ್ಲಿ ಲೂಯಿಸ್ ಫಿಗೊ ಬಾರ್ಸಿಲೋನಾ ಬಿಟ್ಟು ಅದರ ಬದ್ಧ ಎದುರಾಳಿ ರಿಯಲ್ ಮ್ಯಾಡ್ರಿಡ್ ಸೇರಿದಾಗ ಯಾರೂ ಅವರನ್ನು ಹೊರಗೆ ಹಾಕಿರಲಿಲ್ಲ. ಬಾರ್ಸಿಲೋನಾದವರ ಸಿಟ್ಟು ನ್ಯಾಯವಾದದ್ದೇ. 2002ರಲ್ಲಿ ಫಿಗೊ ಅಲ್ಲಿ ಆಡಲು ಬಂದಾಗ ಅವರತ್ತ ಹಂದಿ ತಲೆ ಎಸೆದದ್ದು ಮಾತ್ರ ಅತಿಯಾಯಿತು. ಲಾ ಅವರ ಕಥೆಯೇ ಬೇರೆ. ಓಲ್ಡ್ ಟ್ರಾಫರ್ಡ್ ಹೊರಗೆ ಯುನೈಟೆಡ್‌ನ ಸಹ ಆಟಗಾರರಾದ ಜಾರ್ಜ್ ಬೆಸ್ಟ್, ಬಾಬಿ ಚಾರ್ಲ್ಟನ್ ಜೊತೆ ಅವರ ಪ್ರತಿಮೆಯೂ ಇದೆ. 2008ರಲ್ಲಿ ಅಲ್ಲಿ ನಿಲ್ಲಿಸಿದ್ದು. ಯುನೈಟೆಡ್ ಜನಕ್ಕೇ ಇಲ್ಲದ ಸಿಟ್ಟು ನಮಗ್ಯಾಕೆ?

ಈಗ ನಿಮ್ಮ ಬೌಲರ್ ಹುಡುಗ. ಟೂರ್ನಮೆಂಟ್ ನಡುವೆಯೇ ತಂಡ ಬದಲಿಸಿದ್ದರೆ ಬೈಯಿರಿ, ನಾನೂ ದನಿಗೂಡಿಸುತ್ತೇನೆ. ಇಲ್ಲದಿದ್ದರೆ ಸುಮ್ನೆ ಅವನ ಮೇಲೆ ರೇಗಬೇಡಿ. ಕಳೆದ ವರ್ಷ ಅವನನ್ನು ಎಷ್ಟು ಪಂದ್ಯ ಆಡಿಸಿದಿರಿ? ಪೆಟ್ಟಾದಾಗ ಆಸ್ಪತ್ರೆ ಖರ್ಚು ಯಾರು ಕೊಟ್ಟರು? ಹೈಸ್ಕೂಲ್ ಮೈದಾನದಲ್ಲಿ ನಿಮ್ಮ ಮ್ಯಾನೇಜರ್ ಸಿಕ್ಕಾಗ ಇವೆರಡು ಕೇಳಿ. ಅವರು ಏನಂದರು ಅಂತ ಮುಂದಿನ ಪತ್ರದಲ್ಲಿ ಬರೆಯಿರಿ, ಹಾಗೇ ಅಚ್ಚು ಹಾಕುತ್ತೇನೆ.