ಚಿತ್ರಕಥೆ ಬರಿಯೋರು ಏನ್ ಓದ್ತಾರ, ಟೈಮ್‌ಪಾಸಿಗೆ ಏನ್ ನೋಡ್ತಾರ?

ಎಲ್ಲಾರ್ದೂ ಹೇಳಾಕ ಆಗೂದಿಲ್ರಿ, ನಂದು ಹೇಳ್ತೀನಿ. ಹುಬ್ಬಳ್ಳ್ಯಾಗ ಕುಂತು ಕಿರುಚಿತ್ರಕ್ಕ ಸ್ಕ್ರಿಪ್ಟ್ ಬರಿಯಾಂವ ನಾ. ಕಾದಂಬರಿಗಿಂತ ನಾಟಕ ಜಾಸ್ತಿ ಓದ್ತೀನಿ, ಯಾಕಂದ್ರ ಕಾದಂಬರಿಯೊಳಗ ಮನಸಿನ ಮಾತು ಪುಟಗಟ್ಲೆ ಬರೀಬೋದು, ಕ್ಯಾಮೆರಾಕ್ಕ ಅದು ಕಾಣಂಗಿಲ್ಲ, ನಾಟಕದಾಗ ಪಾತ್ರ ಒಂದಾ ಏನಾರ ಮಾಡ್ಬೇಕು ಇಲ್ಲಾ ಮಾತಾಡ್ಬೇಕು, ನಮ್ ಕೆಲಸಾನೂ ಅದ. ಧಾರವಾಡದ ಸುಭಾಸ ರೋಡಿನ್ಯಾಗ ಮನೋಹರ ಗ್ರಂಥಮಾಲೆ ಅನ್ನೂ ಪುಸ್ತಕ ಪ್ರಕಾಶನದ ಅಟ್ಟ ಐತಲ್ಲ, ಜಿ.ಬಿ. ಜೋಶಿಯವ್ರು 1933ರಾಗ ಶುರು ಮಾಡಿದ್ದು, ಕಾರ್ನಾಡರ ನಾಟಕ ಪುಸ್ತಕ ಆಗಿ ಬಂದಿದ್ದೂ ಅಲ್ಲಿಂದನ, ಆ ಅಟ್ಟ ಹತ್ತಿದ್ರ ಖಾಲಿ ಕೈಲೆ ಇಳದಿದ್ದ ಇಲ್ಲ ನಾ. ಕಾರ್ನಾಡರೂ ಸಣ್ಣವ್ರಿದ್ದಾಗ ಶಿರಸಿ ಕಡೆ ಕಂಪನಿ ನಾಟಕ, ಯಕ್ಷಗಾನ ನೋಡಿ ಬೆಳದವ್ರು ಮತ್ತ.

ಓದೂದು ಬಾಯಿಬಿಟ್ಟು ಓದ್ತೀನಿ. ಸ್ಕ್ರಿಪ್ಟಿನ ಒಂದು ಪುಟ ಅಂದ್ರ ಪರದೆ ಮ್ಯಾಲೆ ಸುಮಾರು 1 ನಿಮಿಷ ಅಂತ ಲೆಕ್ಕ, ಮೊಬೈಲಿನ್ಯಾಗ ಟೈಮ್ ಹಚ್ಚಿ ಓದಿದ್ರ ಎಲ್ಲಿ ಮಾತು ಜಗ್ಗಾಕತ್ತೈತಿ ಗೊತ್ತಾಕ್ಕೈತಿ, ಮನ್ಯಾಗ ಮಾತ್ರ ಬೈತಾರ.

ಓಟಿಟಿ ನೋಡ್ತೀನಿ, ಎಲ್ಲಾರೂ ನೋಡ್ದಂಗ. ಜಾತ್ರಿ ನಾಟಕ ಇದ್ರ ಗದಗ, ಹಾವೇರಿ ತನಕಾನೂ ಹೊಕ್ಕೀನಿ. ಆದ್ರ ಖರೇ ಮಜಾ ಹುಬ್ಬಳ್ಳಿ-ಧಾರವಾಡ ಚಿಗರಿ ಬಸ್ಸಿನ್ಯಾಗ ಮಂದಿ ಮಾತು ಕೇಳೂದು. ಮೊನ್ನೆ ಒಬ್ಬಾಕಿ ಅಜ್ಜಿ ಫೋನಿನ್ಯಾಗ "ಉಂಡೀಯೇನೋ ತಮ್ಮಾ" ಅಂತ ಮೂರ್ ಸಲ ಕೇಳಿದ್ಲು, ಆ ಕಡೆಯಿಂದ ಏನ್ ಉತ್ರ ಬಂತೋ, ಬಿಚ್ಚಿದ್ದ ಬುತ್ತಿಗಂಟು ಹಂಗ ವಾಪಸ್ ಕಟ್ಟಿ ಕಿಡಕಿ ಕಡೆ ಹೊಳ್ಳಿ ಕುಂತ್ಲು. ನವಲೂರು ಬರೂದ್ರಾಗ ಬಸ್ ಟಿಕೆಟಿನ ಹಿಂದ ಬರಕೊಂಡೆ.