ಕೋಲಾರಮ್ಮ ಕೆರೆ ಹತ್ತಿರದ ಕವಲು ಬಾಲದ ಹಕ್ಕಿಗಳು

ನಮಸ್ಕಾರ. ಕೋಲಾರಮ್ಮ ಕೆರೆ ಪಕ್ಕ ಕರೆಂಟ್ ತಂತಿ ಮೇಲೆ ಸಾಲಾಗಿ ಕೂತಿದ್ದ ಹಕ್ಕಿಗಳು ಯಾವುವು, ಮೋರಿ ಕೆಳಗಿನ ಮಣ್ಣಿನ ಗೂಡು ಅವುಗಳದ್ದೇನಾ ಅಂತ ಕೇಳಿದ್ದೀರಿ. ಕೆಂಗಂದು ಗಂಟಲು, ಅದರ ಕೆಳಗೆ ಕಡುನೀಲಿ ಪಟ್ಟಿ ಅಂದಿರಲ್ಲ, ಹಾಗಾದರೆ ಅವು ಬಾರ್ನ್ ಸ್ವಾಲೋಗಳೇ. ನಮ್ಮ ಕವಲುತೋಕೆ. ಕೆಲವಕ್ಕೆ ಬಾಲದ ಉದ್ದ ಗರಿ ಇರಲಿಲ್ಲ ಅಂದ್ರೆ ಅವು ಎಳೆಯವು, ಇಲ್ಲವೇ ಗರಿ ಬದಲಿಸುತ್ತಿರುವವು.

ಗೂಡು ಮಾತ್ರ ಇವುಗಳದ್ದಲ್ಲ. ಇವು ಚಳಿಗಾಲ ಕಳೆಯೋಕೆ ಬರುವ ಹಕ್ಕಿಗಳು. ಸೆಪ್ಟೆಂಬರ್ ಹೊತ್ತಿಗೆ ಬಂದು ಏಪ್ರಿಲ್ ವೇಳೆಗೆ ಹೊರಡುತ್ತವೆ. ಮರಿ ಮಾಡುವುದು ಹಿಮಾಲಯದಲ್ಲಿ, ಅದರಾಚೆ ಮಧ್ಯ ಏಷ್ಯಾ, ಸೈಬೀರಿಯಾ ಕಡೆ. ಸುಮಾರು 20 ಗ್ರಾಂ ತೂಕದ ಜೀವ ಅಷ್ಟು ದೂರದಿಂದ ಬರುತ್ತೆ ಅಂದ್ರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತೆ.

ಇನ್ನು ಗೂಡಿನ ಆಕಾರ ನೋಡಿ. ಮೇಲೆ ತೆರೆದ ಅರ್ಧ ಬಟ್ಟಲಿನ ಹಾಗಿದ್ದರೆ ಅದು ಹೆಚ್ಚಾಗಿ ವೈರ್ ಟೇಲ್ಡ್ ಸ್ವಾಲೋದ್ದು. ಅದು ವರ್ಷವಿಡೀ ಇಲ್ಲೇ ಇರುತ್ತೆ, ನೀರಿನ ಹತ್ತಿರದ ಸೇತುವೆ, ಮೋರಿ ಅಂದ್ರೆ ಅದಕ್ಕೆ ಇಷ್ಟ. ನೆತ್ತಿ ಕೆಂಗಂದು, ಗಂಟಲಿಂದ ಹೊಟ್ಟೆವರೆಗೆ ಅಚ್ಚ ಬಿಳಿ, ಎದೆಗೆ ಪಟ್ಟಿ ಇಲ್ಲ. ಗೂಡು ಪೂರ್ತಿ ಮುಚ್ಚಿದ್ದು, ಕೊಳವೆಯಂಥ ಬಾಗಿಲಿದ್ದರೆ ಹೆಚ್ಚಾಗಿ ರೆಡ್ ರಂಪ್ಡ್ ಸ್ವಾಲೋದ್ದು. ಅದರ ಸೊಂಟ ಕೆಂಪು.

ಒಂದೊಂದು ಉಂಡೆ ಕೆಸರನ್ನು ಕೊಕ್ಕಲ್ಲೇ ತಂದು ಅಂಟಿಸಿರುತ್ತವೆ. ಹಳೇದು, ಖಾಲಿ ಅಂತ ಸುಮ್ನೆ ಕೆಡವಬೇಡಿ. ಅದನ್ನೇ ರಿಪೇರಿ ಮಾಡಿಕೊಂಡು ಮತ್ತೆ ಮೊಟ್ಟೆ ಇಡುವುದುಂಟು. ಗೂಡಿನ ಫೋಟೋ ಇದ್ದರೆ ಹಾಕಿ, ನೋಡಿ ಹೇಳ್ತೀನಿ.